ಉದ್ದಿಮೆದಾರರ ಪರಿಚಯ: ಶ್ರೀ ಲಕ್ಷ್ಮಣರಾವ್ ಕಿರ್ಲೋಸ್ಕರ್ (1869–1956)

ಸಣ್ಣ ಉದ್ದಿಮೆಗಾಗಿ ನಿವೇಶನ ಹಾಗೂ ಸಾಲ ಸೌಲಭ್ಯ ಕೋರಿ ಅರ್ಜಿ ಸಲ್ಲಿಸುವ ಕಲಘಟಗಿ ತಾಲ್ಲೂಕಿನ ಸಾರ್ವಜನಿಕರ ಮಾಹಿತಿಗಾಗಿ ನೆರೆಯ ಜಿಲ್ಲೆಯ ಹಿರಿಯ ಉದ್ದಿಮೆದಾರರೊಬ್ಬರ ಜೀವನ ವಿವರವನ್ನು ಇಲ್ಲಿ ನೀಡಲಾಗಿದೆ.

ಶ್ರೀ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಲೆಯನ್ನು ಅಭ್ಯಸಿಸಲು ಮುಂಬಯಿಗೆ ತೆರಳಿದರಾದರೂ, ಬಣ್ಣಗಳನ್ನು ಗುರುತಿಸುವಲ್ಲಿ ದೃಷ್ಟಿದೋಷವಿದ್ದುದರಿಂದ ಅದನ್ನು ಕೈಬಿಟ್ಟು ಯಂತ್ರಗಳ ನಕ್ಷೆ ರಚನೆಯನ್ನು ಕಲಿತು, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಬೋಧಕರಾದರು. 1888ರಲ್ಲಿ ಸಹೋದರರೊಂದಿಗೆ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರವನ್ನು ಆರಂಭಿಸಿದರು. ಮುಂದೆ ನ್ಯಾಯವಾಗಿ ದೊರೆಯಬೇಕಿದ್ದ ಬಡ್ತಿ ತಪ್ಪಿದಾಗ ನೌಕರಿಯನ್ನು ತ್ಯಜಿಸಿ ಬೆಳಗಾವಿಗೆ ಮರಳಿದರು.

ಅಲ್ಲಿ ಮೇವು ಕತ್ತರಿಸುವ ಯಂತ್ರ ಹಾಗೂ ಕಬ್ಬಿಣದ ನೇಗಿಲುಗಳನ್ನು ತಯಾರಿಸಿದರು. ಕಬ್ಬಿಣವು ಭೂಮಿಗೆ ವಿಷವೆಂಬ ನಂಬಿಕೆ ರೈತರಲ್ಲಿದ್ದುದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷಗಳೇ ಹಿಡಿದವು. ಒಂದು ಬಿತ್ತನೆ ಕೆಟ್ಟರೆ ಇಡೀ ವರ್ಷದ ಅನ್ನವೇ ಹೋಗುವ ರೈತನ ಆ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ.

ವ್ಯಾಪಾರ ಕುದುರುತ್ತಿರುವಾಗಲೇ, ನಗರ ವಿಸ್ತರಣೆಯ ಸಲುವಾಗಿ ಕಾರ್ಖಾನೆಯ ಸ್ಥಳವನ್ನು ತೆರವುಗೊಳಿಸುವಂತೆ ಬೆಳಗಾವಿ ಪುರಸಭೆಯು ಆದೇಶಿಸಿತು. ಯಂತ್ರಗಳಿದ್ದವು, ಕೆಲಸಗಾರರಿದ್ದರು, ನಿಲ್ಲಲು ನೆಲವಿರಲಿಲ್ಲ. ಆಗ ಔಂಧ್ ಸಂಸ್ಥಾನದ ಅಧಿಪತಿ ಶ್ರೀ ಬಾಳಾಸಾಹೇಬ್ ಪಂತ ಪ್ರತಿನಿಧಿಯವರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಜಮೀನನ್ನೂ 10,000 ರೂಪಾಯಿಗಳ ಬಡ್ಡಿರಹಿತ ಸಾಲವನ್ನೂ ಒದಗಿಸಿದರು. ಪಾಪಾಸುಕಳ್ಳಿ ಬೆಳೆದಿದ್ದ ಆ ಬಂಜರು ಭೂಮಿಯನ್ನು ಹಸನುಗೊಳಿಸಿ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಸ್ಥಾಪಿಸಲಾಯಿತು. ಬಂದ ಕೆಲಸಗಾರರಿಗೆ ಕಾರ್ಖಾನೆಯ ಜೊತೆಯಲ್ಲೇ ವಸತಿಯೂ ಏರ್ಪಟ್ಟಿತು. ನಿವೇಶನ ಮತ್ತು ಬಂಡವಾಳ ಒಟ್ಟಿಗೆ ದೊರೆತದ್ದು ಇಲ್ಲಿ ಗಮನಾರ್ಹ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಕಾರ್ಖಾನೆ ಏಳುವುದು ಕಷ್ಟವಿತ್ತು. ಆದರೆ ಅದು ಒಬ್ಬ ಅರಸರ ಔದಾರ್ಯವನ್ನು ಅವಲಂಬಿಸಿತ್ತು. ಅರ್ಜಿ ನಮೂನೆಯಾಗಲೀ ನಿಯಮಾವಳಿಯಾಗಲೀ ಇರಲಿಲ್ಲ.

ಮುಂದೆ ಈ ಉದ್ಯಮ ಸಮೂಹವು ಕನ್ನಡ ನಾಡಿಗೂ ವಿಸ್ತರಿಸಿ, 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹಾಗೂ 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸ್ಥಾಪನೆಗೊಂಡವು. ಶ್ರೀಯುತರು 1956ರ ಸೆಪ್ಟೆಂಬರ್ 26ರಂದು ನಿಧನರಾದರು. ಜನ್ಮಶತಾಬ್ದಿಯ ಅಂಗವಾಗಿ 1969ರಲ್ಲಿ ಭಾರತೀಯ ಅಂಚೆ ಇಲಾಖೆಯು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿಯ ಕುಶಲಕರ್ಮಿಗಳೂ ಸೇರಿದಂತೆ ಆಸಕ್ತ ಉದ್ದಿಮೆದಾರರು ನಿವೇಶನ ಹಾಗೂ ಸಾಲಕ್ಕೆ ಸಂಬಂಧಿಸಿದ ಮಾಹಿತಿಗಾಗಿ ಧಾರವಾಡ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.