ನಾರ್ಟನ್ ಓಡಿಸಿದ ಇಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್

ಸಂಚಿಕೆಗೆ ಒಬ್ಬ ಸಾಧಕರ ಪರಿಚಯ ಬರೆದುಕೊಡು ಎಂದು ಗುರುಗಳು ಕೇಳಿದಾಗ ನನಗೆ ಮೊದಲು ನೆನಪಾದವರು ಇವರು. ಬ್ರಿಟನ್ನಿನಲ್ಲಿ ದೊಡ್ಡ ಹೆಸರು, ನಮ್ಮ ಕಡೆ ಕೇಳಿದವರು ಕಡಿಮೆ.

ಬಿಯಾಟ್ರಿಸ್ ಶಿಲ್ಲಿಂಗ್ 1909ರ ಮಾರ್ಚ್ 8ರಂದು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಹುಟ್ಟಿದರು. ತಂದೆಗೆ ಮಾಂಸದ ವ್ಯಾಪಾರ. 14ನೇ ವಯಸ್ಸಿಗೇ ಒಂದು ರಾಯಲ್ ಎನ್‌ಫೀಲ್ಡ್ ಕೊಂಡು ಬಿಚ್ಚಿ ಜೋಡಿಸುತ್ತಿದ್ದರಂತೆ. ನಮ್ಮೂರಲ್ಲಿ ಬುಲೆಟ್ ಸದ್ದು ಕೇಳಿ ಬೆಳೆದವರಿಗೆ ಆ ಹೆಸರು ಹೊಸದಲ್ಲ. ಶಾಲೆ ಮುಗಿದ ಮೇಲೆ ಮಾರ್ಗರೆಟ್ ಪಾರ್ಟ್ರಿಜ್ ಎಂಬ ಮಹಿಳಾ ಇಂಜಿನಿಯರ್ ಬಳಿ ವೈರಿಂಗ್ ಕೆಲಸ ಕಲಿತರು. ಅವರ ಪ್ರೋತ್ಸಾಹದಿಂದಲೇ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಸೇರಿ 1932ರಲ್ಲಿ ಎಲೆಕ್ಟ್ರಿಕಲ್ ಪದವಿ, ಮರುವರ್ಷ ಮೆಕ್ಯಾನಿಕಲ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಹೆಣ್ಣುಮಕ್ಕಳು ಇಂಜಿನಿಯರಿಂಗ್ ತರಗತಿಯಲ್ಲಿ ಕೂರುವುದೇ ಅಪರೂಪವಾಗಿದ್ದ ಕಾಲ ಅದು.

ಆಗಿನ ರೇಸ್ ಬೈಕುಗಳಲ್ಲಿ ನಾರ್ಟನ್‌ಗೆ ಸಾಟಿಯಿರಲಿಲ್ಲ. ಒಂದೇ ಸಿಲಿಂಡರ್, ಸುಮಾರು 500 ಸಿಸಿ. ಶಿಲ್ಲಿಂಗ್ ತಮ್ಮ ನಾರ್ಟನ್ನನ್ನು ತಾವೇ ಟ್ಯೂನ್ ಮಾಡಿ ಬ್ರೂಕ್‌ಲ್ಯಾಂಡ್ಸ್‌ನ ಕಾಂಕ್ರೀಟ್ ಟ್ರ್ಯಾಕಿಗೆ ಇಳಿಸಿದರು. 1934ರಲ್ಲಿ ಗಂಟೆಗೆ 106 ಮೈಲಿ, ಅಂದರೆ ಸುಮಾರು 170 ಕಿ.ಮೀ. ಸರಾಸರಿಯಲ್ಲಿ ಒಂದು ಸುತ್ತು ಮುಗಿಸಿ ಗೋಲ್ಡ್ ಸ್ಟಾರ್ ಬ್ಯಾಡ್ಜ್ ಗೆದ್ದರು. ಬೈಕಿನಲ್ಲಿ ಅದನ್ನು ಗೆದ್ದ ಮಹಿಳೆಯರು ಮೂವರೇ. ಜಾರ್ಜ್ ನೇಲರ್ ಮದುವೆಗೆ ಕೇಳಿದಾಗ, ನೀವೂ ಆ ಬ್ಯಾಡ್ಜ್ ಗೆದ್ದು ಬನ್ನಿ ಎಂದು ಷರತ್ತು ಹಾಕಿದರೆಂಬ ಕಥೆಯಿದೆ. ನಿಜವೋ ಸುಳ್ಳೋ, ನೇಲರ್ ಗೆದ್ದದ್ದೂ 1938ರಲ್ಲಿ ಮದುವೆಯಾದದ್ದೂ ನಿಜ.

1936ರಿಂದ ಅವರು ಫಾರ್ನ್‌ಬರೋದ ಸರ್ಕಾರಿ ವಿಮಾನ ಸಂಶೋಧನಾ ಕೇಂದ್ರದಲ್ಲಿದ್ದರು. 1940ರ ಯುದ್ಧದಲ್ಲಿ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳಿಗೆ ಒಂದು ದೊಡ್ಡ ಕಾಟವಿತ್ತು. ಹಠಾತ್ತನೆ ಮೂತಿ ಕೆಳಗೆ ಮಾಡಿದರೆ ಕಾರ್ಬೊರೇಟರಿನ ಪೆಟ್ರೋಲ್ ಮೇಲಕ್ಕೆ ಚಿಮ್ಮಿ ಇಂಜಿನ್ ಕೆಮ್ಮುತ್ತಿತ್ತು. ಮರುಕ್ಷಣ ಫ್ಲೋಟ್ ಹಿಡಿತ ತಪ್ಪಿ ಪೆಟ್ರೋಲ್ ವಿಪರೀತ ನುಗ್ಗಿ ಬಂದ್ ಬೀಳುತ್ತಿತ್ತು. ಬೈಕಿನಲ್ಲಿ ಪೆಟ್ರೋಲ್ ಓವರ್ ಆದಾಗ ಆಗುತ್ತದಲ್ಲ, ಹಾಗೆಯೇ. ಆದರೆ ಆಕಾಶದಲ್ಲಿ, ಶತ್ರು ಎದುರಿಗಿರುವಾಗ. ಜರ್ಮನ್ ವಿಮಾನಗಳಲ್ಲಿ ಫ್ಯುಯಲ್ ಇಂಜೆಕ್ಷನ್ ಇದ್ದುದರಿಂದ ಅವು ಸಲೀಸಾಗಿ ಕೆಳಗೆ ಧುಮುಕಿ ತಪ್ಪಿಸಿಕೊಳ್ಳುತ್ತಿದ್ದವು.

ಶಿಲ್ಲಿಂಗ್ ಕಂಡುಕೊಂಡ ಉಪಾಯ, ನಡುವೆ ಲೆಕ್ಕ ಹಾಕಿ ಕೊರೆದ ತೂತಿರುವ ಸಣ್ಣ ಹಿತ್ತಾಳೆ ತುಂಡು. ಇಂಜಿನ್ ಪೂರ್ತಿ ಶಕ್ತಿಯಲ್ಲಿ ಓಡಲು ಎಷ್ಟು ಬೇಕೋ ಅಷ್ಟೇ ಪೆಟ್ರೋಲ್ ಅದರಲ್ಲಿ ಹರಿಯುತ್ತಿತ್ತು. ಕೂಡಿಸಲು ವಿಮಾನವನ್ನು ಕಾರ್ಖಾನೆಗೆ ಕಳಿಸಬೇಕಾಗಿರಲಿಲ್ಲ. 1941ರ ಆರಂಭದಲ್ಲಿ ಸಣ್ಣ ತಂಡದೊಂದಿಗೆ ವಾಯುನೆಲೆಯಿಂದ ವಾಯುನೆಲೆಗೆ ಹೋಗಿ ಹಾಕಿಸಿದರು. ತಾವು ಮಾತ್ರ ಹಳೆಯ ನಾರ್ಟನ್ ಏರಿ ಹೋಗುತ್ತಿದ್ದರಂತೆ. ತೊಂದರೆ ಪೂರ್ತಿ ನಿಲ್ಲಲಿಲ್ಲ. ತಲೆಕೆಳಗಾಗಿ ಹೆಚ್ಚು ಹೊತ್ತು ಹಾರುವಂತಿರಲಿಲ್ಲ. ಆದರೂ ಹೊಸ ಕಾರ್ಬೊರೇಟರ್ ಬರುವ ತನಕ ಪೈಲಟ್‌ಗಳ ಪ್ರಾಣ ಕಾಯ್ದದ್ದು ಆ ತುಂಡೇ. ನನ್ನ ಕೆಲಸದಲ್ಲಿ ಇದಕ್ಕೆ ಪ್ಯಾಚ್ ಎನ್ನುತ್ತೇವೆ.

ಓಬಿಇ ಗೌರವ ಸಿಕ್ಕಿತು. ಕೇಂದ್ರದ ಅತಿ ಮೇಲಿನ ಹುದ್ದೆಗಳು ಮಾತ್ರ ಸಿಗಲಿಲ್ಲ. 1969ರಲ್ಲಿ ನಿವೃತ್ತರಾದರು. ಯುದ್ಧದ ನಂತರ ಗಂಡ ಹೆಂಡತಿ ಬೈಕ್ ಬಿಟ್ಟು ಕಾರ್ ರೇಸಿಗೆ ಇಳಿದಿದ್ದರು. ಆ ಕಾರುಗಳ ರಿಪೇರಿಯೂ ಅವರದೇ ಕೈಯಲ್ಲಿ. 1990ರ ನವೆಂಬರಿನಲ್ಲಿ, 81ನೇ ವಯಸ್ಸಿನಲ್ಲಿ ತೀರಿಕೊಂಡರು.