ಕಿಟ್ಟೆಲ್ ಅಯ್ಯನವರ ಜೀವಚರಿತ್ರೆ

ಚಿಕ್ಕಮಗಳೂರು ಎಂಬ ಹೆಸರನ್ನು ಬಿಡಿಸಿ ನೋಡಿದರೆ ಚಿಕ್ಕ, ಮಗಳು, ಊರು ಎಂಬ ಮೂರು ಮಾತುಗಳು ದೊರೆಯುತ್ತವೆ. ಮೂಡಿಗೆರೆ ಎಂಬಲ್ಲಿ ಕೆರೆಯು ಅಡಗಿದೆ. ಪದಗಳು ಕೂಡುವಾಗ ಕಕಾರವು ಗಕಾರವಾಯಿತು. ಕನ್ನಡ ನುಡಿಯ ಇಂಥ ಸೂಕ್ಷ್ಮ ಅಂಗಗಳನ್ನು ಅರಿಯುವುದಕ್ಕಾಗಿ ತಮ್ಮ ಆಯುಷ್ಯದ ಬಹುಭಾಗವನ್ನು ಸವೆಸಿದವರು ಫೆರ್ಡಿನಾಂಡ್ ಕಿಟ್ಟೆಲ್ ಅಯ್ಯನವರು.

ಇವರು 1832ನೆಯ ಇಸವಿಯಲ್ಲಿ ಜರ್ಮನಿಯ ಉತ್ತರ ಭಾಗದಲ್ಲಿರುವ ಪೂರ್ವ ಫ್ರೀಸ್ಲಾಂಡ್ ಸೀಮೆಯಲ್ಲಿ ಹುಟ್ಟಿದರು. 1853ರಲ್ಲಿ ಬಾಸೆಲ್ ಮಿಶನ್ನಿನವರಿಂದ ಕಳುಹಿಸಲ್ಪಟ್ಟು ಕನ್ನಡ ನಾಡಿಗೆ ಬಂದರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಮೊದಲಾದ ಸ್ಥಳಗಳಲ್ಲಿದ್ದು ನಮ್ಮ ಭಾಷೆಯನ್ನು ಅಭ್ಯಾಸಮಾಡಿದರು.

ಪರದೇಶದವರಿಗೆ ಇದು ಸುಲಭವಾದ ಕಾರ್ಯವಲ್ಲ. ಕಾಫಿ ತೋಟದಲ್ಲಿ ನಾವು ಕೀಳುವುದು ಕಳೆ. ಬಟ್ಟೆಗೆ ಹತ್ತುವುದು ಕಲೆ. ಒಂದೇ ಧ್ವನಿಯ ಭೇದದಿಂದ ಅರ್ಥವೇ ಬೇರೆಯಾಯಿತಷ್ಟೆ. ಹೀಗೆ ಅರ್ಥವನ್ನು ಬೇರ್ಪಡಿಸುವ ಧ್ವನಿಯ ಘಟಕವನ್ನು ಭಾಷಾಶಾಸ್ತ್ರಜ್ಞರು ಧ್ವನಿಮಾ ಎನ್ನುತ್ತಾರೆ. ತೋಟಗಳಿಗೆ ಎಂಬ ಮಾತಿನಲ್ಲಿ ತೋಟ, ಗಳು, ಇಗೆ ಎಂಬ ಮೂರು ಭಾಗಗಳಿವೆ. ಇನ್ನೂ ಒಡೆದರೆ ಅರ್ಥವು ಉಳಿಯದ ಇಂಥ ಭಾಗಕ್ಕೆ ಆಕೃತಿಮಾ ಎಂದು ಹೆಸರು. ಈ ಹೆಸರುಗಳು ಹುಟ್ಟುವುದಕ್ಕೆ ಬಹಳ ಮುಂಚೆಯೇ, 13ನೆಯ ಶತಮಾನದಲ್ಲಿ, ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಅಕ್ಷರ, ಸಂಧಿ, ಪ್ರತ್ಯಯಗಳನ್ನು ವಿವರಿಸಿದ್ದನು. ಆ ವ್ಯಾಕರಣವನ್ನು ಅಯ್ಯನವರು ಸಂಪಾದಿಸಿ 1872ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು.

ಬಳಕೆ ತಪ್ಪಿದ ಧ್ವನಿಗಳನ್ನೂ ಅವರು ಕಡೆಗಣಿಸಲಿಲ್ಲ. ನಾವು ಮಳೆ, ಬಾಳೆ ಎನ್ನುವುದನ್ನು ಹಳಗನ್ನಡದವರು ಮೞೆ, ಬಾೞೆ ಎನ್ನುತ್ತಿದ್ದರು. ಅಱಿ ಎಂದರೆ ತಿಳಿ. ಅರಿ ಎಂದರೆ ಕತ್ತರಿಸು. ಈಗ ಎರಡೂ ಒಂದೇ ಬಗೆಯಾಗಿ ಕೇಳಿಬರುತ್ತವೆ. ಇಂಥ ಭೇದವನ್ನು ಗುರುತಿಸದೆ ಹೋದರೆ ಪದಗಳ ಹುಟ್ಟನ್ನು ತಿಳಿಯುವುದು ಹೇಗೆ?

ಸ್ವದೇಶಕ್ಕೆ ಹಿಂತಿರುಗಿದ್ದ ಅಯ್ಯನವರು ನಿಘಂಟಿನ ಕಾರ್ಯಕ್ಕಾಗಿ 1883ರಲ್ಲಿ ಪುನಃ ಇಲ್ಲಿಗೆ ಬಂದರು. ಅನೇಕ ವರ್ಷಗಳ ಪ್ರಯಾಸದ ಫಲವಾಗಿ, ಸುಮಾರು 70,000 ಶಬ್ದಗಳುಳ್ಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರ್ಷದ ದಶಂಬರದಲ್ಲಿ ಟ್ಯೂಬಿಂಗನ್ನಿನಲ್ಲಿ ಅವರು ತೀರಿಕೊಂಡರು.

ನಮ್ಮ ಮನೆಮಾತು ಒರಟೆಂದು ಪೇಟೆಯವರ ಮುಂದೆ ನಾಚಿಕೊಳ್ಳುವವರು ಆ ನಿಘಂಟನ್ನು ಒಮ್ಮೆ ತೆರೆದು ನೋಡಲಿ. ಅದರಲ್ಲಿ ಹಳೆಯ ಕವಿಗಳ ಮಾತುಗಳ ಮಗ್ಗುಲಲ್ಲೇ ಅಕ್ಷರವರಿಯದ ಜನರ ಗಾದೆಗಳಿಗೂ ಸ್ಥಳ ದೊರೆತಿದೆ.