ಪಂಡಿತಾ ರಮಾಬಾಯಿ

ತುಂಗಾ, ಭದ್ರಾ, ನೇತ್ರಾವತಿಗಳ ಉಗಮಸ್ಥಾನವಾದ ಗಂಗಾಮೂಲದ ಅರಣ್ಯದಲ್ಲಿ 1858ರಲ್ಲಿ ಜನಿಸಿದ ರಮಾಬಾಯಿಯವರು ನಮ್ಮ ನಾಡಿನ ಮಗಳು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಲೋಕನಿಂದೆಯನ್ನು ಲೆಕ್ಕಿಸದೆ ಪತ್ನಿಗೆ ಸಂಸ್ಕೃತ ಕಲಿಸಿದರು. ಆ ತಾಯಿಯೇ ಮಗಳಿಗೆ ಗುರುವಾದರು. ಪುರಾಣ ಪಠಿಸುತ್ತ ಊರೂರು ಅಲೆದ ಕುಟುಂಬಕ್ಕೆ ಕ್ಷಾಮ ಎರಗಿ ತಂದೆ, ತಾಯಿ, ಅಕ್ಕ ತೀರಿಕೊಂಡರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ 1882ರಲ್ಲಿ ಪತಿಯೂ ಅಗಲಿದರು.

1883ರಲ್ಲಿ ಇಂಗ್ಲೆಂಡಿಗೆ ಹೋದಾಗ, ಸಮಾಜವು ತಳ್ಳಿದ ಸ್ತ್ರೀಯರನ್ನು ಕ್ರೈಸ್ತ ಸೋದರಿಯರು ಮಮತೆಯಿಂದ ಸಲಹುವುದನ್ನು ಕಂಡು ಅವರ ಹೃದಯ ಕರಗಿತು. ಅದೇ ವರ್ಷ ದೀಕ್ಷಾಸ್ನಾನ ಪಡೆದರು. ಆದರೂ ಸಸ್ಯಾಹಾರವನ್ನು ಬಿಡಲಿಲ್ಲ. ಬುದ್ಧಿಗೆ ಒಪ್ಪದ ಮತತತ್ತ್ವಗಳನ್ನು ಹಿರಿಯರೆದುರೇ ಪ್ರಶ್ನಿಸಿದರು.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಅದು ಪುಣೆಗೆ ಬಂದ ಮೇಲೆ, 1893ರಲ್ಲಿ ಮತಾಂತರದ ಆಕ್ಷೇಪವೆದ್ದು ಹಿಂದೂ ಹಿತೈಷಿಗಳು ದೂರ ಸರಿದರು. ಅನೇಕರು ಹೆಣ್ಣುಮಕ್ಕಳನ್ನು ಹಿಂದಕ್ಕೆ ಕರೆದೊಯ್ದರು. ರಮಾಬಾಯಿಯವರು ಬಾಗಿಲು ಮುಚ್ಚಲಿಲ್ಲ. ಹಸಿವನ್ನು ತಾವೇ ಅನುಭವಿಸಿದ್ದ ಅವರು 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಬಾಲೆಯರನ್ನು ಕರೆತಂದರು. ಪುಣೆಯ ಸಮೀಪದ ಕೆಡಗಾಂವಿನಲ್ಲಿ ಅವರಿಗೆ ಆಶ್ರಯವಾದದ್ದೇ ಮುಕ್ತಿ ಸದನ. ಅಲ್ಲಿ ಅಕ್ಷರದೊಡನೆ ನೇಯ್ಗೆ, ಬೇಸಾಯ, ಮುದ್ರಣಗಳನ್ನೂ ಕಲಿಸಿದರು.

1921ರಲ್ಲಿ ಒಬ್ಬಳೇ ಮಗಳು ಮನೋರಮೆ ತೀರಿಕೊಂಡಳು. ಆ ದುಃಖದಲ್ಲಿಯೂ ಬೈಬಲನ್ನು ಮರಾಠಿಗೆ ತರುವ ಕೆಲಸವನ್ನು ಅವರು ಕೈಬಿಡಲಿಲ್ಲ. 1922ರ ಏಪ್ರಿಲ್ 5ರಂದು ಕೆಡಗಾಂವಿನಲ್ಲಿಯೇ ಕಣ್ಣುಮುಚ್ಚಿದರು.

ಮುಂಬಯಿಯಿಂದ ಕಲಬುರಗಿಗೆ ಹೋಗುವ ನಮ್ಮವರ ರೈಲು ಪುಣೆಯನ್ನು ದಾಟಿದ ಮೇಲೆ ಕೆಡಗಾಂವ್ ನಿಲ್ದಾಣವನ್ನು ಹಾಯ್ದೇ ಹೋಗುತ್ತದೆ. ಶಾರದೆಯನ್ನು ಪೂಜಿಸುವ ಈ ದಿನಗಳಲ್ಲಿ, ಶಾರದೆಯ ಹೆಸರಿನಲ್ಲಿ ಮನೆ ಕಟ್ಟಿ ಕ್ರಿಸ್ತನ ಹಾದಿಯಲ್ಲಿ ನಡೆದ ಆ ತಾಯಿಗೆ ಕಿಟಕಿಯಿಂದಲೇ ಕೈಮುಗಿಯೋಣ.